ಜೀವದ ಲಿಪಿ, ಯಂತ್ರದ ಲಿಪಿ, ಕರ್ಮದ ಲಿಪಿ

ಜ್ಯೇಷ್ಠ ಶುಕ್ಲ ಪಂಚಮಿಯನ್ನು ದಿಗಂಬರ ಜೈನರು ಶ್ರುತಪಂಚಮಿ ಎಂದು ಆಚರಿಸುತ್ತೇವೆ. ಜಿನಬಿಂಬದ ಜೊತೆಗೆ ಗ್ರಂಥಕ್ಕೂ ಪೂಜೆ ಸಲ್ಲುವ ದಿನವದು. ಕಿವಿಯಿಂದ ಕಿವಿಗೆ ಉಳಿದುಬಂದ ಆಗಮಜ್ಞಾನ ಮರೆವಿನ ಪಾಲಾಗುತ್ತಿದೆಯೆಂದು ಕಳವಳಗೊಂಡ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ಅದನ್ನು ಬೋಧಿಸಿದರು. ಅವರು ಷಟ್ಖಂಡಾಗಮವನ್ನು ಬರಹಕ್ಕಿಳಿಸಿ ಮುಗಿಸಿದ ದಿನವಿದು ಎಂಬುದು ನಮ್ಮ ಪರಂಪರೆ.

ಕಳೆದ ಶ್ರುತಪಂಚಮಿಯಂದು ಪೂಜೆ ಮುಗಿದ ಮೇಲೆ ಯುವಕನೊಬ್ಬ ನನ್ನ ಬಳಿ ಬಂದು ಕುಳಿತ. ಬಾಲ್ಯದಲ್ಲಿ ನನ್ನಿಂದ ಕಾಗುಣಿತ ಕಲಿತವನು, ಈಗ ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿದ್ದಾನೆ. ತನ್ನ ಮೊಬೈಲಿಗೆ ಬಂದಿದ್ದ ಒಂದು ಸಂದೇಶವನ್ನು ತೋರಿಸಿದ. ‘ಜೈನಾಚಾರ್ಯರು ಹೇಳಿದ ಮೂಲಾಕ್ಷರಗಳು 64. ಜೀವಕೋಶದ ಡಿಎನ್‌ಎಯಲ್ಲಿರುವ ಸಂಕೇತಗಳೂ 64. ಇಂದಿನ ಗಣಕಯಂತ್ರಗಳೂ 64 ಬಿಟ್‌ಗಳವು. ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತು’ ಎಂಬುದು ಅದರ ಸಾರ. “ಗುರುಗಳೇ, ಇದು ನಿಜವೇ?” ಎಂದು ಕೇಳಿದ.

“ಅಂಕಿಗಳು ನಿಜ, ತೀರ್ಮಾನ ನಿಜವಲ್ಲ” ಎಂದೆ. ಅಷ್ಟಕ್ಕೆ ಅವನಿಗೆ ತೃಪ್ತಿಯಾಗಲಿಲ್ಲ, ನನಗೂ ಆಗಲಿಲ್ಲ. ಇಟ್ಟಿಗಿಗೆ ಹಿಂದಿರುಗಿದ ಮೇಲೂ ಆ ಪ್ರಶ್ನೆ ಮನಸ್ಸಿನಲ್ಲಿಯೇ ಉಳಿಯಿತು. ಅದಕ್ಕೆ ಕಾರಣ ಅಂಕಿಗಳಲ್ಲ. ಎಷ್ಟೋ ವರ್ಷಗಳ ಹಿಂದೆ ನಾನು ಆಡಿದ ಒಂದು ಮಾತು ಅದರೊಡನೆ ಮತ್ತೆ ಎದ್ದು ಬಂತು. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ಅಂಕಿಗಳನ್ನು ನೋಡೋಣ.

ಹತ್ತನೆಯ ಶತಮಾನದಲ್ಲಿ ಶ್ರವಣಬೆಳಗೊಳದ ಚಾವುಂಡರಾಯನ ಗುರುಗಳಾಗಿದ್ದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ಗೊಮ್ಮಟಸಾರವನ್ನು ರಚಿಸಿದರು. ಅದರ ಜೀವಕಾಂಡದಲ್ಲಿ ಶ್ರುತಜ್ಞಾನವನ್ನು ವಿವರಿಸುವಾಗ 64 ಮೂಲವರ್ಣಗಳ ಲೆಕ್ಕ ಬರುತ್ತದೆ. 33 ವ್ಯಂಜನಗಳು, ಹ್ರಸ್ವ, ದೀರ್ಘ, ಪ್ಲುತಗಳೆಂದು ಒಂಬತ್ತು ಸ್ವರಗಳು ಮೂರು ಬಗೆಯಾಗಿ 27, ಯೋಗವಾಹಗಳು 4, ಒಟ್ಟು 64. ಈ ಅಕ್ಷರಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ, ಕೊನೆಗೆ ಅರವತ್ತನಾಲ್ಕನ್ನೂ ಕೂಡಿಸಿದರೆ ಎಷ್ಟು ಸಂಯೋಗಗಳಾದಾವು? ಆಚಾರ್ಯರು ಕೊಡುವ ಉತ್ತರ 18446744073709551615.

ಶಾಲೆಯಲ್ಲಿ ಇದನ್ನು ಮೂರು ಅಕ್ಷರಗಳಿಂದ ತೋರಿಸುತ್ತಿದ್ದೆ. ಅ, ಇ, ಉ ಎಂಬ ಮೂರನ್ನು ತೆಗೆದುಕೊಳ್ಳಿ. ಬಿಡಿಯಾಗಿ ಮೂರು, ಎರಡೆರಡು ಕೂಡಿಸಿ ಮೂರು, ಮೂರೂ ಕೂಡಿ ಒಂದು, ಒಟ್ಟು ಏಳು. ಒಂದೊಂದು ಅಕ್ಷರವೂ ಸಂಯೋಗದಲ್ಲಿ ಇರಬಹುದು, ಇಲ್ಲದಿರಬಹುದು; ಎರಡೇ ಸಾಧ್ಯತೆ. ಮೂರು ಅಕ್ಷರಗಳಿಗೆ ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಯಾವುದೂ ಇಲ್ಲದ ಒಂದನ್ನು ಕಳೆದರೆ ಏಳು. ಹಾಗೆಯೇ ಎರಡನ್ನು ಅರವತ್ತನಾಲ್ಕು ಸಲ ಗುಣಿಸಿ ಒಂದನ್ನು ಕಳೆದರೆ ಆಚಾರ್ಯರ ಸಂಖ್ಯೆ ದೊರೆಯುತ್ತದೆ. ನಮ್ಮ ಕರಣಗ್ರಂಥಗಳಲ್ಲಿ ಈ ದಾರಿಯ ಮೈಲಿಗಲ್ಲುಗಳಿಗೆ ಹೆಸರುಗಳೂ ಇವೆ. 65536ಕ್ಕೆ ‘ಪಣ್ಣಟ್ಠಿ’, 4294967296ಕ್ಕೆ ‘ಬಾದಾಲ’, ಅದರ ವರ್ಗಕ್ಕೆ ‘ಏಕಟ್ಠಿ’. ಪ್ರಾಕೃತದಲ್ಲಿ ಪಣ್ಣಟ್ಠಿ ಎಂದರೆ ಅರವತ್ತೈದು, ಬಾದಾಲ ಎಂದರೆ ನಲವತ್ತೆರಡು; ಸಂಖ್ಯೆಯ ಮೊದಲ ಅಂಕಿಗಳನ್ನೇ ಹೆಸರಾಗಿಸಿದ ಜಾಣ್ಮೆ ಅದು.

ಗಣಕಯಂತ್ರ ನಿಂತಿರುವುದೂ ಇದೇ ‘ಇದೆ, ಇಲ್ಲ’ ಎಂಬ ಎರಡರ ಮೇಲೆ. ವಿದ್ಯುತ್ತು ಇದ್ದರೆ 1, ಇಲ್ಲದಿದ್ದರೆ 0. ಅಂಥ ಹದಿನಾರು ಮನೆಗಳನ್ನು ಸಾಲಾಗಿಟ್ಟರೆ 65536 ಬಗೆಯ ಜೋಡಣೆಗಳಾಗುತ್ತವೆ, ಮೂವತ್ತೆರಡಕ್ಕೆ ಬಾದಾಲ, ಅರವತ್ತನಾಲ್ಕಕ್ಕೆ ಏಕಟ್ಠಿ. ಈ ಮಟ್ಟಿಗೆ ಹೋಲಿಕೆ ಗಟ್ಟಿಯಾದದ್ದು. ಎರಡು ಕಡೆಯೂ ಗಣಿತ ಒಂದೇ. ಆದರೆ ಗಣಿತ ಒಂದೇ ಆದ ಮಾತ್ರಕ್ಕೆ ನೇಮಿಚಂದ್ರರು ಗಣಕಯಂತ್ರವನ್ನು ಕಂಡಿದ್ದರು ಎನ್ನಲಾಗದು. ಅವರು ಅಳೆಯಹೊರಟದ್ದು ಶ್ರುತಜ್ಞಾನದ ಅಗಾಧತೆಯನ್ನು. ಅದು ಅವರ ದೊಡ್ಡತನಕ್ಕೆ ಸಾಕು. ನಾವು ಮೇಲೆ ಸೇರಿಸಬೇಕಾದದ್ದೇನೂ ಇಲ್ಲ.

ಅಂಕಿಯಲ್ಲಿ ಅಕ್ಷರವನ್ನು ಅಡಗಿಸಿಡುವ ವಿದ್ಯೆಗೆ ಕನ್ನಡದಲ್ಲಿ ಇನ್ನೂ ಹತ್ತಿರದ ಉದಾಹರಣೆಯಿದೆ. ಕುಮುದೇಂದು ಮುನಿಗಳ ಸಿರಿಭೂವಲಯದಲ್ಲಿ ಅಕ್ಷರಗಳೇ ಇಲ್ಲ. 1ರಿಂದ 64ರವರೆಗಿನ ಅಂಕಿಗಳಿವೆ. ಅಡ್ಡಕ್ಕೆ 27, ಉದ್ದಕ್ಕೆ 27, ಹೀಗೆ 729 ಮನೆಗಳ ಚಕ್ರಗಳಲ್ಲಿ ಅವನ್ನು ತುಂಬಲಾಗಿದೆ. ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ‘ಬಂಧ’ವನ್ನು ಬಲ್ಲವನಿಗೆ ಮಾತ್ರ ಅದು ಸಾಂಗತ್ಯದ ಪದ್ಯವಾಗಿ ತೆರೆದುಕೊಳ್ಳುತ್ತದೆ. ಯಲ್ಲಪ್ಪ ಶಾಸ್ತ್ರಿಗಳು ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಶ್ರಮದಿಂದ ಅದು 1953ರಲ್ಲಿ ಮುದ್ರಣ ಕಂಡಿತು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಒಂಬತ್ತನೆಯ ಶತಮಾನವೆನ್ನುವವರೂ ಇದ್ದಾರೆ, ಬಹಳ ಈಚಿನದೆನ್ನುವವರೂ ಇದ್ದಾರೆ. ಕಾಲ ಯಾವುದೇ ಇರಲಿ, ಅದರ ಹಿಂದಿರುವ ಯೋಚನೆ ಮಾತ್ರ ಇಂದಿನ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಏಕೆಂದರೆ ಅವರ ಮೊಬೈಲಿನಲ್ಲಿಯೂ ಕನ್ನಡದ ‘ಅ’ ಅಕ್ಷರವಾಗಿ ಕುಳಿತಿಲ್ಲ. ಯೂನಿಕೋಡ್ ಪಟ್ಟಿಯ ಪ್ರಕಾರ 3205 ಎಂಬ ಅಂಕಿಯಾಗಿ ಕುಳಿತಿದೆ. ‘ಕ’ ಎಂದರೆ 3221.

ಸಿರಿಭೂವಲಯ ಅಚ್ಚಾದ ಅದೇ 1953ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿಜ್ಞಾನಿಗಳು ಡಿಎನ್‌ಎ ರಚನೆಯನ್ನು ಪ್ರಕಟಿಸಿದರು. ಹೆಣೆದ ಏಣಿಯಂತಿರುವ ಆ ಎಳೆಯಲ್ಲಿ ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರಗಳು ಸೇರಿ ಒಂದು ಪದ. ನಾಲ್ಕನ್ನು ಮೂರು ಸಲ ಗುಣಿಸಿದರೆ 64 ಪದಗಳು. ಅವುಗಳಲ್ಲಿ 61 ಪದಗಳು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ. ಉಳಿದ ಮೂರು ‘ಇಲ್ಲಿಗೆ ಮುಗಿಯಿತು’ ಎಂಬ ಪೂರ್ಣವಿರಾಮಗಳು. ಆ ಆಮ್ಲಗಳ ಮಾಲೆಯೇ ಪ್ರೋಟೀನು. ರಕ್ತ, ಸ್ನಾಯು, ಕೂದಲುಗಳಲ್ಲೆಲ್ಲ ಅದರದೇ ಕೆಲಸ. ಈ ನಿಘಂಟನ್ನು ಬಿಡಿಸಿದವರಲ್ಲಿ ಒಬ್ಬರು ಅವಿಭಜಿತ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ. ಅದಕ್ಕಾಗಿ 1968ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಸಂದಿತು. ಮನುಷ್ಯನ ಒಂದು ಪೂರ್ಣ ಬರಹದಲ್ಲಿ ಸುಮಾರು 300 ಕೋಟಿ ಅಕ್ಷರಜೋಡಿಗಳಿವೆ.

ಇಲ್ಲಿ ಓದುಗರು ಒಂದನ್ನು ಗಮನಿಸಬೇಕು. ನಮ್ಮ 64 ಅಕ್ಷರಗಳ ಸಂಖ್ಯೆ. ಡಿಎನ್‌ಎಯ 64 ಪದಗಳ ಸಂಖ್ಯೆ. ಗಣಕದ 64 ಮನೆಗಳ ಸಂಖ್ಯೆ. ಮೂರೂ ಬೇರೆ ಬೇರೆ ವಸ್ತುಗಳ ಎಣಿಕೆಗಳು. ಊರಿನಲ್ಲಿ 64 ಮನೆಗಳಿವೆ, ಚದುರಂಗದ ಹಾಸಿನಲ್ಲಿ 64 ಚೌಕಗಳಿವೆ, ಆದ್ದರಿಂದ ಊರೇ ಚದುರಂಗ ಎಂದಂತಾದೀತು. ಸತ್ಯಾಣುವ್ರತವನ್ನು ಹಿಡಿದ ಶ್ರಾವಕನು ಧರ್ಮವನ್ನು ಹೊಗಳುವುದಕ್ಕಾಗಿಯೂ ಇಲ್ಲದ ಸಂಬಂಧವನ್ನು ಇದೆಯೆನ್ನಬಾರದು. ಸುಳ್ಳಿನ ಊರುಗೋಲು ಬೇಕಾಗುವಷ್ಟು ನಮ್ಮ ಧರ್ಮ ಕುಂಟಲ್ಲ.

ಹಾಗಾದರೆ ನಿಜವಾದ ಹೋಲಿಕೆ ಎಲ್ಲಿದೆ? ಅದು ಅಂಕಿಯಲ್ಲಿಲ್ಲ, ಬರಹದ ಸ್ವಭಾವದಲ್ಲಿದೆ. ಬರಹವೆಂದಮೇಲೆ ಪ್ರತಿ ಮಾಡಬೇಕು. ಪ್ರತಿ ಮಾಡುವಾಗ ತಪ್ಪಾಗುತ್ತದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಯೋಲೆಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದವು. ಎಷ್ಟು ಲಿಪಿಕಾರರ ಬೆರಳು ನೊಂದಿರಬೇಕು! ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅಷ್ಟು ಪ್ರತಿಗಳಲ್ಲಿ ಒಂದಾದರೂ ಅಕ್ಷರ ತಪ್ಪಿರದೇ? ನನ್ನ ತರಗತಿಯಲ್ಲಿ ಉಕ್ತಲೇಖನ ಬರೆಯುತ್ತಿದ್ದ ಮಕ್ಕಳು ‘ಗುರುವಿನ ಕರ’ ಎಂಬುದನ್ನು ‘ಗುರುವಿನ ಖರ’ ಎಂದು ಬರೆದು ಗುರುವಿನ ಕೈಯನ್ನು ಗುರುವಿನ ಕತ್ತೆಯಾಗಿಸುತ್ತಿದ್ದರು. ಒಂದೇ ಅಕ್ಷರದ ವ್ಯತ್ಯಾಸ.

ಜೀವಕೋಶದಲ್ಲಿಯೂ ಹೀಗೆಯೇ. ಕೋಶವೊಂದು ಎರಡಾಗುವಾಗಲೆಲ್ಲ ಆ ಇಡೀ ಬರಹದ ಪ್ರತಿಯಾಗಬೇಕು. ತಪ್ಪು ತಿದ್ದುವ ವ್ಯವಸ್ಥೆಯೂ ಕೋಶದಲ್ಲಿದೆ. ಆದರೂ ಕೆಲವು ಉಳಿಯುತ್ತವೆ. ರಕ್ತದ ಹಿಮೋಗ್ಲೋಬಿನ್ನಿನ ಒಂದು ಪಾಠದಲ್ಲಿ ‘ಜಿ ಎ ಜಿ’ ಎಂದಿರಬೇಕಾದಲ್ಲಿ ‘ಜಿ ಟಿ ಜಿ’ ಎಂದಾದರೆ ಕುಡಗೋಲು ಕಣ ರೋಗ. ದುಂಡಗಿರಬೇಕಾದ ರಕ್ತಕಣ ಕುಡಗೋಲಿನಂತೆ ಬಾಗಿ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ರಾಜ್ಯದ ದಕ್ಷಿಣದ ಕಾಡಂಚಿನ ಬುಡಕಟ್ಟುಗಳಲ್ಲಿ ಈ ರೋಗವಿದೆ. ಅದರ ನಿರ್ಮೂಲನಕ್ಕಾಗಿ ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿತು. ಅದೇ ಹಿಮೋಗ್ಲೋಬಿನ್ನಿನ ಪಾಠದಲ್ಲಿ ಬೇರೆ ಬಗೆಯ ತಪ್ಪುಗಳಾದರೆ ಥಲಸ್ಸೇಮಿಯಾ. ಅದರ ತೀವ್ರರೂಪ ತಗಲಿದ ಮಗುವಿಗೆ ಕೆಲವೇ ವಾರಗಳಿಗೊಮ್ಮೆ ಬೇರೆಯವರ ರಕ್ತ ಕೊಡುತ್ತಿರಬೇಕು.

ಈಗ ನನ್ನ ಮಾತಿಗೆ ಬರುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗುವಿಗೆ ಈ ರೋಗವಿದೆಯೆಂದು ಗೊತ್ತಾದಾಗ ನೋಡಲು ಹೋಗಿದ್ದೆ. ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಸಮಾಧಾನ ಹೇಳಲು ತಿಳಿಯದೆ, ಹಿರಿಯನೆಂಬ ಹಮ್ಮಿನಿಂದ, “ಪೂರ್ವಕರ್ಮ ತಾಯೀ, ಅನುಭವಿಸಿಯೇ ತೀರಬೇಕು” ಎಂದುಬಿಟ್ಟೆ. ಆಕೆ ತಲೆ ಎತ್ತಿ, “ಯಾರ ಕರ್ಮ ಗುರುಗಳೇ? ಈ ಕೂಸಿನದೋ, ನನ್ನದೋ?” ಎಂದು ಕೇಳಿ ಅತ್ತಳು. ನಾನು ಏನೂ ಹೇಳಲಾರದೆ ಎದ್ದು ಬಂದೆ.

ಮನೆಗೆ ಬಂದು, ಯಾವ ಶಾಸ್ತ್ರದ ಹೆಸರಿನಲ್ಲಿ ಆ ಮಾತನ್ನಾಡಿದ್ದೆನೋ ಆ ಶಾಸ್ತ್ರವನ್ನೇ ತೆರೆದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ಯಾವ ಯಾವ ನಡತೆಯಿಂದ ಯಾವ ಕರ್ಮ ಒಳಬರುತ್ತದೆಂದು ಹೇಳುತ್ತಾರೆ. ನೋವನ್ನು ತರುವ ಅಸಾತಾವೇದನೀಯಕ್ಕೆ ಕಾರಣಗಳೇನು? ತನಗಾಗಲಿ ಪರರಿಗಾಗಲಿ ದುಃಖವನ್ನು, ಶೋಕವನ್ನು, ಸಂತಾಪವನ್ನು, ಅಳುವನ್ನು ಉಂಟುಮಾಡುವುದು. ಓದಿ ದಂಗಾದೆ. ಆ ಕೋಣೆಯಲ್ಲಿ ಆ ಗಳಿಗೆಯಲ್ಲಿ ನಿಶ್ಚಯವಾಗಿ ಕರ್ಮ ಕಟ್ಟಿಕೊಳ್ಳುತ್ತಿದ್ದವನು ಒಬ್ಬನೇ, ಆ ತಾಯಿಯನ್ನು ಅಳಿಸಿದ ನಾನು! ಮಗುವಿನ ಹಿಂದಿನ ಭವವನ್ನು ಕಾಣಲು ನನಗೆ ಅವಧಿಜ್ಞಾನವಿರಲಿಲ್ಲ. ನನ್ನ ನಾಲಗೆಯನ್ನು ಕಾಣಲು ಸಾಮಾನ್ಯ ಜ್ಞಾನವಾದರೂ ಇರಬೇಕಿತ್ತು.

ಅಂದಿನಿಂದ ಕರ್ಮಸಿದ್ಧಾಂತವನ್ನು ಬೇರೆ ಕಣ್ಣಿನಿಂದ ಓದತೊಡಗಿದೆ. ಗೊಮ್ಮಟಸಾರದ ಕರ್ಮಕಾಂಡ ಎಂಟು ಮೂಲಪ್ರಕೃತಿಗಳನ್ನು 148 ಉತ್ತರಪ್ರಕೃತಿಗಳಾಗಿ ಬಿಡಿಸುತ್ತದೆ. ಅವುಗಳಲ್ಲಿ 93 ನಾಮಕರ್ಮದವು; ಶರೀರದ ಆಕಾರ, ಅಂಗೋಪಾಂಗ, ಮೂಳೆಗಳ ಜೋಡಣೆ, ವರ್ಣ ಇವೆಲ್ಲ ಅದರಡಿ ಬರುತ್ತವೆ. ಪೂರ್ವಾಚಾರ್ಯರು ನಾಮಕರ್ಮವನ್ನು ಚಿತ್ರಕಾರನಿಗೆ ಹೋಲಿಸಿದ್ದಾರೆ. ಜೊತೆಗೆ, ಕರ್ಮವೆಂಬುದು ಬರಿಯ ಭಾವನೆಯಲ್ಲ, ಸೂಕ್ಷ್ಮವಾದ ಪುದ್ಗಲ ಎನ್ನುತ್ತದೆ ಜೈನದರ್ಶನ. ಇದನ್ನು ಓದಿದವರಿಗೆ ‘ಡಿಎನ್‌ಎಯೇ ಕರ್ಮ’ ಎನ್ನುವ ಆಸೆ ಸಹಜವಾಗಿ ಹುಟ್ಟುತ್ತದೆ. ಆದರೆ ಡಿಎನ್‌ಎ ತಂದೆತಾಯಿಗಳಿಂದ ಬಂದು ಸುಟ್ಟರೆ ಬೂದಿಯಾಗುವ ಔದಾರಿಕ ಶರೀರದ ಭಾಗ. ಕಾರ್ಮಣ ಶರೀರವೋ, ಜೀವದೊಡನೆ ಭವದಿಂದ ಭವಕ್ಕೆ ಸಾಗುವಂಥದು. ಒಂದು ಸೂಕ್ಷ್ಮದರ್ಶಕಕ್ಕೆ ದಕ್ಕುತ್ತದೆ, ಇನ್ನೊಂದು ಶ್ರದ್ಧೆ ಮತ್ತು ಸಾಧನೆಗಳ ವಿಷಯ. ಎರಡನ್ನೂ ಬೆರೆಸಿದರೆ ವಿಜ್ಞಾನವೂ ಕೆಡುತ್ತದೆ, ಧರ್ಮವೂ ಕೆಡುತ್ತದೆ.

ಇನ್ನೊಂದು ಎಚ್ಚರವೂ ಬೇಕು. ಗಣಕದ ಕ್ರಮವಿಧಿಯನ್ನು ಬರೆದವನೊಬ್ಬನಿರುತ್ತಾನೆ. ಆದ್ದರಿಂದ ಜೀವದ ಬರಹವನ್ನು ಬರೆದ ಕರ್ತನೊಬ್ಬನಿರಲೇಬೇಕು ಎಂದು ಕೆಲವರು ವಾದಿಸುವುದುಂಟು. ಜೈನದರ್ಶನಕ್ಕೆ ಆ ವಾದದ ಅಗತ್ಯವಿಲ್ಲ. ಲೋಕ ಅನಾದಿ, ಅದಕ್ಕೆ ಸೃಷ್ಟಿಕರ್ತನಿಲ್ಲ. ದ್ರವ್ಯಗಳು ತಮ್ಮ ತಮ್ಮ ಸ್ವಭಾವದಂತೆ ಪರಿಣಮಿಸುತ್ತವೆ. ಮೇಲೆ ಕುಳಿತು ಒಂದು ಮಗುವಿನ ರಕ್ತದಲ್ಲಿ ಶಿಕ್ಷೆಯನ್ನು ಬರೆಯುವ ನ್ಯಾಯಾಧೀಶ ನಮ್ಮಲ್ಲಿಲ್ಲ. ಅಂಥ ನ್ಯಾಯಾಧೀಶನೇ ಇಲ್ಲದ ಧರ್ಮದಲ್ಲಿ ನಾನು ಆ ದಿನ ಅವನ ಗುಮಾಸ್ತನಂತೆ ತೀರ್ಪು ಓದಿದ್ದೆ.

ಕರ್ಮವೆಂದರೆ ಅಳಿಸಲಾಗದ ಹಣೆಬರಹ ಎಂಬ ತಿಳಿವಳಿಕೆಯೂ ಶಾಸ್ತ್ರದ್ದಲ್ಲ. ಕರ್ಮಕಾಂಡ ಹತ್ತು ಕರಣಗಳನ್ನು ಹೇಳುತ್ತದೆ. ಬಂಧ, ಉದಯ, ಸತ್ತ್ವಗಳ ಜೊತೆಗೆ ಉತ್ಕರ್ಷಣ, ಅಪಕರ್ಷಣ, ಸಂಕ್ರಮಣ, ಉದೀರಣೆ, ಉಪಶಮಗಳೂ ಇವೆ. ಕಟ್ಟಿದ ಕರ್ಮದ ಅವಧಿಯೂ ತೀವ್ರತೆಯೂ ಹೆಚ್ಚಬಹುದು, ತಗ್ಗಬಹುದು, ಒಂದು ಪ್ರಕೃತಿ ತನ್ನದೇ ಜಾತಿಯ ಇನ್ನೊಂದಾಗಿ ಮಾರ್ಪಡಬಹುದು, ಕಾಲಕ್ಕೆ ಮೊದಲೇ ಉದಯಕ್ಕೆ ಬಂದು ಉದುರಬಹುದು, ಕೆಲಕಾಲ ಅಡಗಬಹುದು. ನಿಧತ್ತಿ, ನಿಕಾಚಿತಗಳೆಂಬ ಬಿಗಿಯಾದ ಬಗೆಗಳಿವೆ, ನಿಜ. ಆದರೆ ಹೊರಗೆ ನಿಂತ ನಾವು ಯಾರ ಕರ್ಮವನ್ನೂ ನಿಕಾಚಿತವೆಂದು ಸಾರಲಾರೆವು. ಗಣಕದ ಯುವಕನಿಗೆ ಇದನ್ನು ಹೇಳಿದಾಗ, “ಹಾಗಾದರೆ ಕರ್ಮ ಮುದ್ರಿತ ಪುಸ್ತಕವಲ್ಲ, ತಿದ್ದಲು ಬರುವ ಕಡತ” ಎಂದ. ಅವನ ಭಾಷೆಯಲ್ಲಿ ಅವನು ಸರಿಯಾಗಿಯೇ ಹಿಡಿದಿದ್ದ. ತಿದ್ದುವ ಕೈ ಯಾರದು ಎಂಬುದನ್ನಷ್ಟೇ ನಾನು ಸೇರಿಸಿದೆ: ಸಂವರ, ನಿರ್ಜರೆಗಳಲ್ಲಿ ತೊಡಗಿದ ಜೀವದ್ದೇ.

ವಿಜ್ಞಾನವೂ ಇಂದು ಇದಕ್ಕೆ ದೂರದ ಸಾದೃಶ್ಯವೊಂದನ್ನು ತೋರಿಸುತ್ತಿದೆ. ಜೀವದ ಬರಹವನ್ನು ಕತ್ತರಿಸಿ ತಿದ್ದುವ ವಿಧಾನವನ್ನು ರೂಪಿಸಿದ ಶಾರ್ಪೆಂಟಿಯೇ ಮತ್ತು ಡೌಡ್ನಾ ಎಂಬ ಇಬ್ಬರು ಮಹಿಳೆಯರಿಗೆ 2020ರಲ್ಲಿ ನೊಬೆಲ್ ಸಂದಿತು. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ಕುಡಗೋಲು ಕಣ ರೋಗಕ್ಕೆ ಆ ವಿಧಾನದ ಚಿಕಿತ್ಸೆಯನ್ನು ಒಪ್ಪಿದವು. ನಮ್ಮ ಹಡಗಲಿಯ ಮಲ್ಲಿಗೆಯನ್ನೇ ನೋಡಿ. ಕಡ್ಡಿ ನೆಟ್ಟು ಬೆಳೆಸುವ ಆ ಬಳ್ಳಿಗಳಲ್ಲಿ ತಾಯಿಯ ಅಕ್ಷರಗಳೇ ಮಗಳಲ್ಲಿಯೂ ಇರುತ್ತವೆ. ಆದರೂ ನೀರು, ಗೊಬ್ಬರ, ಆರೈಕೆ ಕಂಡ ಬಳ್ಳಿ ಒಂದು ಬಗೆ, ಕಾಣದ ಬಳ್ಳಿ ಇನ್ನೊಂದು ಬಗೆ. ಬರಹವೇ ಎಲ್ಲವೂ ಅಲ್ಲ.

ಹಾಗಾದರೆ ನೊಂದವರ ಮುಂದೆ ಶ್ರಾವಕನ ಕೆಲಸವೇನು? ಅದೇ ಆರನೆಯ ಅಧ್ಯಾಯದ ಮುಂದಿನ ಸೂತ್ರದಲ್ಲಿ ಉತ್ತರವಿದೆ. ಜೀವಿಗಳಲ್ಲಿ ಅನುಕಂಪ, ದಾನ, ಕ್ಷಮೆ ಇವು ಸಾತಾವೇದನೀಯಕ್ಕೆ ಕಾರಣ. ನಮ್ಮಲ್ಲಿ ದಾನ ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಥಲಸ್ಸೇಮಿಯಾದ ಮಗುವಿಗೆ ಕೊಡುವ ಒಂದು ಬಾಟಲಿ ರಕ್ತ ಔಷಧದಾನವೂ ಹೌದು, ಅಭಯದಾನವೂ ಹೌದು. ಹದಿನೆಂಟು ದಾಟಿದ ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಪ್ರಾಯಶ್ಚಿತ್ತವೆಂದು ನಾನು ಆರಂಭಿಸಿದ ಆ ದಾನ ಅರವತ್ತೈದು ತುಂಬುವವರೆಗೆ ನಡೆಯಿತು. ಈಗ ವಯಸ್ಸಿನ ನಿಯಮ ಬಿಡದು.

ಶಾಸ್ತ್ರದಾನದ ಸಾಲಿಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ತಂದೆತಾಯಿಗಳಿಬ್ಬರೂ ಈ ತಪ್ಪಕ್ಷರದ ಒಂದೊಂದು ಪ್ರತಿಯನ್ನು ಹೊತ್ತಿದ್ದರೆ, ತಾವು ಆರೋಗ್ಯವಾಗಿಯೇ ಇದ್ದರೂ, ಅವರಿಗೆ ಹುಟ್ಟುವ ಒಂದೊಂದು ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಾಧ್ಯತೆಯಿರುತ್ತದೆ. ಸಣ್ಣ ಸಮುದಾಯದೊಳಗೆ, ಅದರಲ್ಲಿಯೂ ಸೋದರಸಂಬಂಧದಲ್ಲಿ ಮದುವೆ ಮಾಡುವ ನಮ್ಮ ಸೀಮೆಯವರು ಇದನ್ನು ತಿಳಿಯಬೇಕು. ಜಾತಕ ಕೂಡಿಸುವ ದಿನವೇ ಒಂದು ರಕ್ತಪರೀಕ್ಷೆಯನ್ನೂ ಮಾಡಿಸಿದರೆ ಮುಂದೊಂದು ಕೂಸಿನ ನೋವು ತಪ್ಪೀತು. ಅರಿತೂ ಅಲಕ್ಷ್ಯ ಮಾಡುವುದು ಪ್ರಮಾದ; ಪ್ರಮಾದದಿಂದ ಆಗುವ ನೋವನ್ನೇ ನಮ್ಮ ಶಾಸ್ತ್ರ ಹಿಂಸೆ ಎನ್ನುವುದು.

ಕೆಲವು ತಿಂಗಳುಗಳ ನಂತರ ಆ ವಿದ್ಯಾರ್ಥಿನಿಯ ಮನೆಗೆ ಮತ್ತೆ ಹೋದೆ. “ಅಂದು ಆಡಿದ ಮಾತು ತಪ್ಪು, ಕ್ಷಮಿಸು” ಎಂದೆ. ಆಕೆ ಹೆಚ್ಚೇನೂ ಹೇಳಲಿಲ್ಲ. ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಅದು ನನ್ನ ಕನ್ನಡಕವನ್ನು ಕಿತ್ತು ಬಾಯಿಗಿಟ್ಟುಕೊಂಡಿತು. ಅದರ ಅಂಗೈಯಲ್ಲಿ ಸೂಜಿ ಚುಚ್ಚಿದ ಗುರುತಿತ್ತು. ಅದು ಯಾವ ಭವದ ಬರಹವೆಂದು ನಾನು ಓದಹೋಗಲಿಲ್ಲ.

ಜೀವದ ಲಿಪಿಯನ್ನು ವೈದ್ಯರು ಓದಲಿ, ಯಂತ್ರದ ಲಿಪಿಯನ್ನು ನಮ್ಮ ಮಕ್ಕಳು ಬರೆಯಲಿ; ಎರಡೂ ಜ್ಞಾನವೇ, ಎರಡಕ್ಕೂ ಶ್ರುತಪಂಚಮಿಯಂದು ಒಂದು ಹೂವು ಸಲ್ಲಲಿ. ಕರ್ಮದ ಲಿಪಿಯನ್ನು ಮಾತ್ರ ಅವರವರು ತಮ್ಮದನ್ನು ತಾವೇ ಓದಿಕೊಳ್ಳಬೇಕು. ದಿನವೂ ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ತೆರೆಯಬೇಕಾದ ಪುಟ ನೆರೆಯವನದಲ್ಲ, ನಮ್ಮದು. ಜೈ ಜಿನೇಂದ್ರ.